ಕಾನಿನೊಳಗಿನ ರಸ್ತೆ, ಒರತೆಯ ಮೇಲಿನ ಪೈಪು: ಒಂದು ಗ್ರಾಮಸಭೆಯ ಪ್ರಕರಣ ಅಧ್ಯಯನ

ಇದು ಶಿವಮೊಗ್ಗ ಜಿಲ್ಲೆಯ ಘಟ್ಟದಂಚಿನ ಒಂದು ಸಣ್ಣ ಕಂದಾಯ ಗ್ರಾಮದಲ್ಲಿ ನಡೆದದ್ದು. ಊರು, ವ್ಯಕ್ತಿಗಳು, ಕಚೇರಿಗಳ ಹೆಸರು ಮತ್ತು ವರ್ಷವನ್ನು ಬಿಟ್ಟಿದ್ದೇವೆ. ಗುರುತು ಹತ್ತದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇವೆ. ಉದ್ದ, ಅಗಲ, ಮರಗಳ ಲೆಕ್ಕವನ್ನು ಮಾತ್ರ ಮುಟ್ಟಿಲ್ಲ. ಪ್ರಕರಣ ತಿರುಗಿದ್ದೇ ಆ ಲೆಕ್ಕದ ಮೇಲೆ.

ಹಿನ್ನೆಲೆ

ಮೂರು ಕೇರಿ, 46 ಮನೆ, ಸುಮಾರು 190 ಜನ. ಕೆಳಗೆ ಹಳ್ಳದ ಬದಿಯಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಅದರಾಚೆ ಕಾನು, ಅಂದರೆ ದಟ್ಟ ಕಾಡು. ಊರಿಗೆ ಬರುವ ದಾರಿ ಒಟ್ಟು 3.1 ಕಿ.ಮೀ. ಮೊದಲ 1.2 ಕಿ.ಮೀ. ಪಂಚಾಯಿತಿ ರಸ್ತೆ, ಉಳಿದ 1.9 ಕಿ.ಮೀ. ಕಾಡಿನೊಳಗಿನ ಮಣ್ಣು ದಾರಿ. ಮಳೆಗಾಲದಲ್ಲಿ ಜೀಪು ಕೂಡ ಅರ್ಧಕ್ಕೇ ನಿಲ್ಲುತ್ತದೆ. ಕಾಯಿಲೆಯವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರಬೇಕಾದ ಊರಿದು. ರಸ್ತೆ ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಹುಟ್ಟುವುದೇ ಇಲ್ಲ.

ನೀರು ಬರುವುದು ಕಾನಿನ ಒಂದು ಒರತೆಯಿಂದ. ಮನೆಯವರೇ ಕೂಡಿ ಒಂದು ಇಂಚಿನ ಕರಿ ಪೈಪು ಎಳೆದುಕೊಂಡಿದ್ದಾರೆ, ತಾನಾಗಿ ಇಳಿದು ಬರುವ ಅಬ್ಬಿ ನೀರು. ಮಾರ್ಚ್ ದಾಟಿದ ಮೇಲೆ ಮೇಲಿನ ಕೇರಿಗೆ ಸಾಲುವುದಿಲ್ಲ. ಆದರೆ ಅದೇ ಒರತೆಯ ನೀರೇ ಕೆಳಗೆ ಹಳ್ಳವಾಗಿ ತೋಟಗಳಿಗೆ ಹೋಗುತ್ತದೆ. ಒರತೆಗೆ ಏನಾದರೂ ಆದರೆ ಕುಡಿಯುವ ನೀರು, ತೋಟದ ನೀರು ಎರಡೂ ಹೋದಂತೆ.

ಒಂದೇ ವರ್ಷದಲ್ಲಿ ಎರಡು ಕಾಮಗಾರಿ ಮಂಜೂರಾದವು. ಮೊದಲನೆಯದು 1.9 ಕಿ.ಮೀ. ಕಾಂಕ್ರೀಟ್ ರಸ್ತೆ. ಎರಡನೆಯದು ಮನೆ ಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್ ಕಾಮಗಾರಿ: ಪಂಚಾಯಿತಿ ರಸ್ತೆ ಬದಿಯ ಕೊಳವೆಬಾವಿಯಿಂದ ಊರಿನ ಮೇಲಿನ ಟ್ಯಾಂಕಿಗೆ ಪೈಪು. ನಕ್ಷೆಯಲ್ಲಿ ಪೈಪನ್ನು ಗುಡ್ಡದ ಮೇಲೆ ನೇರವಾಗಿ ಎಳೆದಿದ್ದರು, 1.4 ಕಿ.ಮೀ. ರಸ್ತೆ ಗುಂಟ ಹೋದರೆ 2.3 ಕಿ.ಮೀ. ಆಗುತ್ತದೆ. ಆ ನೇರ ಗೆರೆ ಕಾನನ್ನು ಸೀಳಿಕೊಂಡು ಒರತೆಯಿಂದ 40 ಮೀಟರ್ ಮೇಲೆ ಹಾದುಹೋಗುತ್ತಿತ್ತು.

ಯಾವ ಬಾಗಿಲಲ್ಲಿ ಜನರ ಮಾತಿಗೆ ತೂಕ

ಕಾಡಿನೊಳಗೆ ರಸ್ತೆ, ಪೈಪು ಎಂದಾಕ್ಷಣ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತಾರೆ, ಅಲ್ಲಿ ಮಾತಾಡೋಣ ಎಂದು ಕಾಯುವವರು ಬಹಳ. ಇಂಥ ಸಣ್ಣ ಕಾಮಗಾರಿಗೆ ಆ ಸಭೆ ಬರುವುದೇ ಇಲ್ಲ. ಜಿಲ್ಲಾಡಳಿತ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುವ ಅಹವಾಲು ಸಭೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿರುವ ದೊಡ್ಡ ಯೋಜನೆಗಳಿಗೆ ಮಾತ್ರ.

ಎರಡನೆಯ ಬಾಗಿಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರಲ್ಲಿ ಇದರ ಹೆಸರು ‘ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ’ ಎಂದು ಬದಲಾಗಿದೆ). ಅಲ್ಲಿ ಕೇಂದ್ರದ ಪೂರ್ವಾನುಮತಿ ಬೇಕು. ಪರಿವೇಶ್ ಪೋರ್ಟಲ್ಲಿನಲ್ಲಿ ಅರ್ಜಿ, ಎರಡು ಹಂತದ ಒಪ್ಪಿಗೆ, ಪರಿಹಾರ ಅರಣ್ಯೀಕರಣ ಎಲ್ಲವೂ ಇದೆ. ಆದರೆ 2013ರ ಫೆಬ್ರವರಿ 5ರ ಸುತ್ತೋಲೆಯ ಪ್ರಕಾರ ರಸ್ತೆ, ಕಾಲುವೆ, ಪೈಪ್‌ಲೈನ್, ವಿದ್ಯುತ್ ಮಾರ್ಗದಂಥ ಉದ್ದುದ್ದ ಯೋಜನೆಗಳಿಗೆ ಗ್ರಾಮಸಭೆಯ ಒಪ್ಪಿಗೆ ಪತ್ರದಿಂದ ವಿನಾಯಿತಿ ಉಂಟು. ಆದಿಮ ಬುಡಕಟ್ಟುಗಳ ಹಕ್ಕಿಗೆ ಧಕ್ಕೆಯಾಗುವ ಕಡೆ ಮಾತ್ರ ಈ ವಿನಾಯಿತಿ ಇಲ್ಲ. ಯೋಜನೆ ದೊಡ್ಡದಾದಷ್ಟೂ ಊರಿನ ಮಾತು ಸಣ್ಣದಾಗುವ ಈ ವ್ಯವಸ್ಥೆ ಸರಿಯಲ್ಲ ಎಂದೇ ನಮ್ಮ ಅಭಿಪ್ರಾಯ.

ಮೂರನೆಯದು 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2). ಶಾಲೆ, ಅಂಗನವಾಡಿ, ಕುಡಿಯುವ ನೀರಿನ ಪೈಪು, ರಸ್ತೆ ಸೇರಿ 13 ಬಗೆಯ ಊರ ಸೌಲಭ್ಯಕ್ಕೆ ಅರಣ್ಯ ಭೂಮಿ ಕೊಡಲು ಇಲ್ಲಿ ಅವಕಾಶವಿದೆ, ಕೇಂದ್ರದ ತನಕ ಹೋಗಬೇಕಿಲ್ಲ. ಷರತ್ತು ಮೂರು: ಪ್ರತಿ ಸೌಲಭ್ಯಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದ ಕಡಿತ, ಗ್ರಾಮಸಭೆಯ ಶಿಫಾರಸು. ಗ್ರಾಮಸಭೆಯ ಶಿಫಾರಸಿಲ್ಲದೆ ಅರ್ಜಿ ಮುಂದೆ ಹೋಗುವುದೇ ಇಲ್ಲ. ಜನರ ಮಾತಿಗೆ ಕಾನೂನಿನ ತೂಕ ಇರುವುದು ಈ ಬಾಗಿಲಲ್ಲಿ, ಅದೂ ಅರ್ಜಿ ತುಂಬುವ ಮೊದಲು. ಅರ್ಜಿ ವಲಯ ಅರಣ್ಯ ಕಚೇರಿಗೆ ಹೋದ ಮೇಲೆ ಕೊಡುವ ಮನವಿ ಬರೀ ಮನವಿ.

ಜಾಗ ಅಭಯಾರಣ್ಯದೊಳಗೆ ಬಿದ್ದರೆ ವನ್ಯಜೀವಿ ಕಾಯ್ದೆಯ ದಾರಿಯೂ ಸೇರಿಕೊಳ್ಳುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ ಶೆಟ್ಟಿಹಳ್ಳಿ ಮತ್ತು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಗಳ ಗಡಿಯನ್ನು ಮೊದಲೇ ನೋಡಿಕೊಳ್ಳಬೇಕು. ಈ ಊರು ಎರಡರಿಂದಲೂ ಹೊರಗಿತ್ತು.

ಸಮಸ್ಯೆ ಶುರುವಾದದ್ದು

ಪಂಚಾಯಿತಿ ಮಟ್ಟದ ಗ್ರಾಮಸಭೆಯಲ್ಲಿ ಒಂದು ಸಾಲಿನ ನಿರ್ಣಯವಾಯಿತು: ಸದರಿ ಕಾಮಗಾರಿಗಳಿಗೆ ಗ್ರಾಮಸ್ಥರ ಆಕ್ಷೇಪಣೆ ಇರುವುದಿಲ್ಲ. ಏಳು ಊರು ಸೇರಿದ ಸಭೆಯದು, ಹಾಜರಿ ಪುಸ್ತಕದಲ್ಲಿ 112 ಸಹಿ. ಅದರಲ್ಲಿ ಈ ಊರಿನವರದ್ದು 9.

ಆ ಕಾಗದ ಕೈಗೆ ಬಂದದ್ದೇ ತಡ, ಗುತ್ತಿಗೆದಾರ ಪೈಪಿನ ಅಗಳ (ಕಂದಕ) ತೆಗೆಯಲು ಜೆಸಿಬಿ ಇಳಿಸಿದ. ಗುಡ್ಡದ ಬುಡದಿಂದ 150 ಮೀಟರ್ ಹೋಗುವಷ್ಟರಲ್ಲಿ ಬೀಟ್ ಗಾರ್ಡ್ ನಿಲ್ಲಿಸಿದರು. ಯಂತ್ರ ಜಪ್ತಿಯಾಯಿತು, ಅರಣ್ಯ ಮೊಕದ್ದಮೆ ದಾಖಲಾಯಿತು, ರಸ್ತೆ ಕಾಮಗಾರಿಯೂ ಅದರೊಟ್ಟಿಗೇ ನಿಂತಿತು.

ಊರು ಎರಡಾದದ್ದು ಆಗ. ಯಾರೋ ದೂರು ಕೊಟ್ಟು ರಸ್ತೆ ತಪ್ಪಿಸಿದರು ಎಂದು ಮೇಲಿನ ಕೇರಿಯವರು. ಕಾನಿನಲ್ಲಿ ಉಪ್ಪಾಗೆ, ಮುರುಗಲು ಹಣ್ಣು ಆರಿಸುವವರು ಮತ್ತು ಹಳ್ಳದ ಬದಿ ತೋಟದವರು ಇನ್ನೊಂದು ಕಡೆ. ಕೆಳಗಿನ ಕೇರಿಯ ಹಿರಿಯರೊಬ್ಬರು ಎಂಜಿನಿಯರಿಗೆ ಹೇಳಿದ ಮಾತಿನಲ್ಲಿ ಇಡೀ ಜಗಳದ ತಿರುಳಿತ್ತು: “ರಸ್ತೆ ಬ್ಯಾಡ ಅಂದವ್ರು ಯಾರಿದಾರೆ ಸಾರ್ ಇಲ್ಲಿ? ಒರತೆ ಮ್ಯಾಲೆ ಅಗೀಬ್ಯಾಡಿ ಅಂತ ಅಷ್ಟೇಯ ನಮ್ದು.” ಎರಡು ಕಾಮಗಾರಿಯನ್ನು ಒಂದೇ ನಿರ್ಣಯದಲ್ಲಿ ಕಟ್ಟಿದ್ದರಿಂದ ಪೈಪಿನ ದಾರಿಯನ್ನು ಪ್ರಶ್ನಿಸಿದವರೆಲ್ಲ ರಸ್ತೆಯ ವಿರೋಧಿಗಳಾಗಿ ಕಂಡರು.

ಮೊದಲ ಪ್ರಯತ್ನಗಳು

ಜನಸ್ಪಂದನದಲ್ಲಿ ಅರ್ಜಿ, ಜನಪ್ರತಿನಿಧಿಗಳಿಗೆ ಮನವಿ, ತಾಲ್ಲೂಕು ಕಚೇರಿ ಮುಂದೆ ಒಂದು ದಿನದ ಧರಣಿ. ಪ್ರತಿ ಕಡೆಯೂ ‘ಪರಿಶೀಲಿಸಿ ಕ್ರಮ’ ಎಂಬ ಷರಾ ಬಿತ್ತು, ಮುಂದೆ ಏನೂ ಆಗಲಿಲ್ಲ.

ಆಮೇಲೆ ಅದೇ ಪಂಚಾಯಿತಿ ನಿರ್ಣಯವನ್ನು ಲಗತ್ತಿಸಿ ನಮೂನೆ-ಎ ಸಲ್ಲಿಸಲಾಯಿತು. ಕಲಂ 3(2)ರ ವಿಧಾನವನ್ನು ಬುಡಕಟ್ಟು ವ್ಯವಹಾರಗಳ ಸಚಿವಾಲಯ 2009ರ ಮೇ 18ರಂದು ಹೊರಡಿಸಿದೆ: ಕಾಮಗಾರಿ ಮಾಡುವ ಇಲಾಖೆ ನಮೂನೆ-ಎಯಲ್ಲಿ ಪ್ರಸ್ತಾವ ಬರೆದು, ಗ್ರಾಮಸಭೆಯ ನಿರ್ಣಯ ಸೇರಿಸಿ, ವಲಯ ಅರಣ್ಯಾಧಿಕಾರಿಗೆ ಕೊಡಬೇಕು. ಅವರು ಸ್ಥಳ ನೋಡಿ ನಮೂನೆ-ಬಿಯಲ್ಲಿ ಅಭಿಪ್ರಾಯ ಬರೆದು ವಿಭಾಗೀಯ ಅರಣ್ಯಾಧಿಕಾರಿಗೆ, ನಮ್ಮಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿ (ಡಿಸಿಎಫ್) ಅವರಿಗೆ ಕಳಿಸುತ್ತಾರೆ. ಅವರು ಒಪ್ಪದಿದ್ದರೆ ಕಡತ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ, ಅಲ್ಲಿನ ತೀರ್ಮಾನವೇ ಅಂತಿಮ.

ಅರ್ಜಿ ನಾಲ್ಕು ಕಾರಣಕ್ಕೆ ವಾಪಸು ಬಂತು. ಈ ನಾಲ್ಕೂ ಬೇರೆ ಕಡೆ ಮತ್ತೆ ಮತ್ತೆ ಕಾಣುವಂಥವೇ ಆದ್ದರಿಂದ ಬಿಡಿಸಿ ಹೇಳಬೇಕು.

ಒಂದು, ಸಭೆಯೇ ತಪ್ಪು. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಎಂದರೆ ಆ ಊರಿನ ವಯಸ್ಕರೆಲ್ಲರ ಸಭೆ. ಪಂಚಾಯಿತಿ ಅದನ್ನು ಕರೆಯುತ್ತದೆ, ಆದರೆ ಕೂರುವವರು ಆ ಊರಿನವರು. ಅರ್ಧದಷ್ಟು ಸದಸ್ಯರ ಕೋರಂ ಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಏಳೂರಿನ ಸಭೆಯ 9 ಸಹಿ ಇದಕ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಎರಡು, ಆ ನಿರ್ಣಯಕ್ಕೆ ಬಗರ್‌ಹುಕುಂ ಮತ್ತು ಅರಣ್ಯ ಹಕ್ಕುಪತ್ರದ ಬೇಡಿಕೆಯನ್ನೂ ಆಮೇಲೆ ಸೇರಿಸಿದ್ದರು. ಬೇಡಿಕೆ ನ್ಯಾಯವಾದದ್ದೇ. ಆದರೆ ಭೂಮಿಯ ಹಕ್ಕಿನ ತಕರಾರು ಹೊತ್ತ ಕಾಗದಕ್ಕೆ ರಸ್ತೆಯ ಶಿಫಾರಸೆಂದು ಸಹಿ ಹಾಕಲು ಯಾವ ಅಧಿಕಾರಿಯೂ ಮುಂದೆ ಬರುವುದಿಲ್ಲ.

ಮೂರು, ರಸ್ತೆಯ ವಿಸ್ತೀರ್ಣ. ಗುಡ್ಡಗಾಡಿನ ಗ್ರಾಮೀಣ ರಸ್ತೆಗೆ ರೂಢಿಯ ಅಗಲ 6 ಮೀಟರ್. 1,900 ಮೀಟರನ್ನು 6ರಿಂದ ಗುಣಿಸಿದರೆ 11,400 ಚದರ ಮೀಟರ್, ಅಂದರೆ 1.14 ಹೆಕ್ಟೇರ್. ಮಿತಿ ಮೀರಿತು. ಇದನ್ನು ತಪ್ಪಿಸಲು ರಸ್ತೆಯನ್ನು ಎರಡು ತುಂಡು ಮಾಡಿ 0.57 ಹೆಕ್ಟೇರಿನ ಎರಡು ಅರ್ಜಿ ಹಾಕಿದ್ದರು. ಒಂದೇ ರಸ್ತೆಗೆ ಎರಡು ಅರ್ಜಿ ನಿಲ್ಲುವುದಿಲ್ಲ ಎಂದು ವಲಯ ಕಚೇರಿ ಬರೆಯಿತು. ಅದು ಸರಿಯಾದ ಆಕ್ಷೇಪವೇ.

ನಾಲ್ಕು, ಪೈಪಿಗೆ ತೋರಿಸಿದ ಮರದ ಲೆಕ್ಕ: ಸೊನ್ನೆ.

ತಿರುವು: ಸಾಲಿನ ಮೇಲೆ ನಡೆದದ್ದು

ಊರ ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿಯ ನಾಲ್ವರು, ಇಬ್ಬರು ಎಂಜಿನಿಯರುಗಳು, ಉಪ ವಲಯ ಅರಣ್ಯಾಧಿಕಾರಿ ಮತ್ತು ಸರ್ವೇಯರ್ ಕೂಡಿ ಎರಡೂ ಸಾಲನ್ನು ನಡೆದು ಅಳೆದರು. ಕೈಯಲ್ಲಿ 30 ಮೀಟರ್ ಟೇಪು, ಗ್ರಾಮ ನಕ್ಷೆ, ಮೀಸಲು ಅರಣ್ಯದ ಅಧಿಸೂಚನೆಯ ಗಡಿ ವಿವರ, ಮೊಬೈಲಿನಲ್ಲಿ ದಿಶಾಂಕ್ ಆ್ಯಪ್. (ದಿಶಾಂಕ್ ಸರ್ವೆ ನಂಬರನ್ನು ಸ್ಥೂಲವಾಗಿ ತೋರಿಸುತ್ತದೆ. ಗಡಿ ತಕರಾರಿಗೆ ಅದು ದಾಖಲೆಯಲ್ಲ, ಸರ್ವೇಯರ್ ಅಳತೆಯೇ ಆಗಬೇಕು.) ಪ್ರತಿ 50 ಮೀಟರಿಗೆ ಒಂದು ಗೂಟ ನೆಟ್ಟು, ತುದಿಗೆ ಬಣ್ಣ ಬಳಿದು, ನಂಬರ್ ಬರೆದರು. ರಸ್ತೆಗೆ 1ರಿಂದ 39, ಪೈಪಿನ ನೇರ ಸಾಲಿಗೆ ಬೇರೆ ಬಣ್ಣದಲ್ಲಿ 1ರಿಂದ 29.

ಗೂಟ ನೆಟ್ಟ ಮೇಲೆ ಜಗಳದ ಸ್ವರೂಪವೇ ಬದಲಾಯಿತು. ಅಲ್ಲಿಯ ತನಕ ಕಾಗದದ ಮೇಲೆ ಒಂದು ಗೆರೆ ಇತ್ತು, ಅದನ್ನು ಓದಬಲ್ಲವರು ಮೂರು ಜನ. ಈಗ ದನ ಮೇಯಿಸುವ ಹುಡುಗರಿಗೂ ಯಾವ ಮರ ಒಳಗೆ, ಯಾವುದು ಹೊರಗೆ ಎಂದು ಕಾಣುತ್ತಿತ್ತು.

ಪೈಪಿನ ಸಾಲನ್ನು ನೋಡಿ. ಅಂದಾಜು ಪಟ್ಟಿಯಲ್ಲಿ ಲೆಕ್ಕ ಹಾಕಿದ್ದು ಅಗಳದ ಅಗಲವನ್ನು ಮಾತ್ರ: 0.6 ಮೀಟರ್ × 1,400 ಮೀಟರ್, ಅಂದರೆ 0.084 ಹೆಕ್ಟೇರ್. ಅಷ್ಟು ಸಪೂರ ಪಟ್ಟಿಯಲ್ಲಿ ಮರದ ಬೊಡ್ಡೆ ಸಿಗದಂತೆ ಕಾಗದದ ಮೇಲೆ ಗೆರೆ ತಿರುಗಿಸಬಹುದು. ಆದರೆ ಇಳಿಜಾರಿನಲ್ಲಿ ಜೆಸಿಬಿ ನಿಂತು, ತಿರುಗಿ, ಮಣ್ಣು ಪಕ್ಕಕ್ಕೆ ಹಾಕಲು ಕನಿಷ್ಠ 4 ಮೀಟರ್ ದಾರಿ ಬೇಕು. 4 × 1,400 ಎಂದರೆ 0.56 ಹೆಕ್ಟೇರ್. ಆ ಪಟ್ಟಿಯೊಳಗಿನ ಮರಗಳನ್ನು ಎದೆಮಟ್ಟದಲ್ಲಿ ಸುತ್ತಳತೆ ಹಿಡಿದು ಎಣಿಸಿದಾಗ 61 ಬಂದವು: ಮತ್ತಿ, ನಂದಿ, ಹೊನ್ನೆ, ಧೂಪ, ಹಳ್ಳದ ಬದಿಗೆ ಎರಡು ರಾಮಪತ್ರೆ. ಹೆಕ್ಟೇರಿಗೆ ಇಳಿಸಿದರೆ ಸುಮಾರು 109. ಕಾಯ್ದೆಯ ಮಿತಿ 75. ಕಾಡಿನ ಮೇಲಿನ ಪ್ರೀತಿ, ಊರಿನ ಭಾವನೆ ಎಲ್ಲ ಬದಿಗಿಟ್ಟರೂ ಈ ದಾರಿ ಲೆಕ್ಕದಲ್ಲೇ ಬಿದ್ದುಹೋಗಿತ್ತು. ಯಾರೂ ಎಣಿಸಿರಲಿಲ್ಲ, ಅಷ್ಟೆ.

ಒರತೆಯ ಮೇಲೆ ಅಗೆದರೆ ಏನಾಗುತ್ತದೆ ಎಂಬುದನ್ನೂ ಸ್ಥಳದಲ್ಲೇ ಚರ್ಚಿಸಿದರು. ಇಳಿಜಾರಿನಲ್ಲಿ ಮಳೆನೀರು ದರಕಿನ (ಉದುರಿದ ಒಣ ಎಲೆ) ಕೆಳಗಿನ ಮೆದು ಮಣ್ಣಿನಲ್ಲಿ ನಿಧಾನ ಇಳಿದು ಒರತೆಗೆ ಬರುತ್ತದೆ. ಅಡ್ಡಕ್ಕೆ ಒಂದು ಮೀಟರ್ ಆಳದ ಅಗಳ ತೆಗೆದು, ಪೈಪಿನ ಕೆಳಗೆ ಮರಳು ಹಾಸಿ, ಸಡಿಲ ಮಣ್ಣು ಮುಚ್ಚಿದರೆ ಆ ಅಗಳವೇ ನೆಲದೊಳಗಿನ ಚರಂಡಿಯಾಗುತ್ತದೆ. ಒರತೆಗೆ ಹೋಗಬೇಕಾದ ನೀರು ಮರಳಿನ ಗುಂಟ ಹರಿದು ಇನ್ನೆಲ್ಲೋ ಏಳುತ್ತದೆ. ಮೇಲಿನಿಂದ ನೋಡಿದರೆ ಅಗಳ ಮುಚ್ಚಿಹೋಗಿ ಹುಲ್ಲು ಬೆಳೆದಿರುತ್ತದೆ, ಎರಡು ಬೇಸಿಗೆ ಕಳೆದ ಮೇಲೆ ಒರತೆ ಯಾಕೆ ಬತ್ತಿತು ಎಂದು ಯಾರಿಗೂ ತಿಳಿಯುವುದಿಲ್ಲ. ಅಗಳ ತೆಗೆಯಲೇಬೇಕಾದ ಕಡೆ ಪ್ರತಿ 20 ಮೀಟರಿಗೆ ಒಂದರಂತೆ, ಒಂದು ಮೀಟರ್ ಉದ್ದಕ್ಕೆ ಜೇಡಿಮಣ್ಣನ್ನು ತಳದಿಂದ ಮೇಲಿನ ತನಕ ದಮ್ಮಸು ಹಾಕಿ ತಡೆ ಕಟ್ಟಿದರೆ ನೀರು ಓಡುವುದಿಲ್ಲ. ಕೆಲಸ ಸಣ್ಣದು, ಅಂದಾಜು ಪಟ್ಟಿಯಲ್ಲಿ ಮಾತ್ರ ಎಲ್ಲೂ ಇರುವುದಿಲ್ಲ.

ನೇರ ಸಾಲಿನ ಪರವಾಗಿ ಎಂಜಿನಿಯರುಗಳಿಗಿದ್ದ ದೊಡ್ಡ ವಾದ ಪಂಪಿನದ್ದು: ರಸ್ತೆ ಗುಂಟ ಹೋದರೆ 900 ಮೀಟರ್ ಜಾಸ್ತಿ, ಪಂಪು ಎಳೆಯುವುದಿಲ್ಲ. ಅದನ್ನೂ ಲೆಕ್ಕಕ್ಕೆ ಹಚ್ಚಲಾಯಿತು. 190 ಜನಕ್ಕೆ ತಲೆಗೆ 55 ಲೀಟರಿನಂತೆ ದಿನಕ್ಕೆ 10,450 ಲೀಟರ್. ನಾಲ್ಕು ಗಂಟೆ ಪಂಪು ಓಡಿದರೆ ಗಂಟೆಗೆ ಸುಮಾರು 2,600 ಲೀಟರ್. 63 ಮಿ.ಮೀ. ಎಚ್‌ಡಿಪಿಇ ಪೈಪಿನಲ್ಲಿ ಈ ಹರಿವಿಗೆ ಕಿಲೋಮೀಟರಿಗೆ ಘರ್ಷಣೆಯಲ್ಲಿ ಕಳೆಯುವುದು ಎರಡೂವರೆ ಮೀಟರ್ ಹೆಡ್ಡಿಗಿಂತ (ಅಷ್ಟು ಎತ್ತರಕ್ಕೆ ನೀರೆತ್ತುವ ಒತ್ತಡ) ಕಡಿಮೆ. ಹೆಚ್ಚುವರಿ 900 ಮೀಟರಿಗೆ ಹತ್ತಿರ ಹತ್ತಿರ 2 ಮೀಟರ್. ಗುಡ್ಡ ಹತ್ತಿಸಬೇಕಾದ ಎತ್ತರವೇ 58 ಮೀಟರ್ ಇರುವಾಗ ಇದು ಗಣನೆಗೆ ಬರುವಂಥದ್ದಲ್ಲ. ಅದೇ ಪಂಪು, 10 ಕೆ.ಜಿ. ಒತ್ತಡದ ಅದೇ ದರ್ಜೆಯ ಪೈಪು ಸಾಕು. ಹೆಚ್ಚಾಗುವುದು ಪೈಪಿನ ದುಡ್ಡು ಮತ್ತು ಅಗಳದ ಕೂಲಿ. ಈ ಲೆಕ್ಕ ಎದುರಿಗೆ ಬಂದ ಮೇಲೆ ಎಂಜಿನಿಯರೇ ನೇರ ಸಾಲನ್ನು ಕೈಬಿಡಲು ಒಪ್ಪಿದರು. ಊರವರು ‘ಬೇಡ’ ಎಂದು ನೂರು ಸಲ ಹೇಳಿದ್ದರೂ ಆಗದ ಕೆಲಸವಿದು.

ರಸ್ತೆಯ ಅಗಲ

1.9 ಕಿ.ಮೀ.ಯಲ್ಲಿ 1.2 ಕಿ.ಮೀ. ಮೀಸಲು ಅರಣ್ಯ, 0.7 ಕಿ.ಮೀ. ಸೊಪ್ಪಿನಬೆಟ್ಟ ಎಂದು ಜಂಟಿ ಸರ್ವೆಯಲ್ಲಿ ತೀರ್ಮಾನವಾಯಿತು. ಒಬ್ಬರು ಸುಲಭದ ದಾರಿ ಸೂಚಿಸಿದರು: ಸೊಪ್ಪಿನಬೆಟ್ಟವನ್ನು ಲೆಕ್ಕದಿಂದ ಬಿಟ್ಟುಬಿಡಿ, ಆಗ 6 ಮೀಟರ್ ಅಗಲಕ್ಕೂ 0.72 ಹೆಕ್ಟೇರ್ ಮಾತ್ರ ಆಗುತ್ತದೆ. ಸಮಿತಿ ಒಪ್ಪಲಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರಣ್ಯ ಭೂಮಿಯ ಅರ್ಥ ವಿಶಾಲವಾದದ್ದು, ವರ್ಗೀಕರಣವಾಗದ ಕಾಡು, ಡೀಮ್ಡ್ ಅರಣ್ಯ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದು ಪರಿಗಣಿಸಿದ್ದು) ಎಲ್ಲ ಅದರೊಳಗೆ ಬರುತ್ತದೆ. ಇಂದು ರಸ್ತೆಗಾಗಿ ‘ಸೊಪ್ಪಿನಬೆಟ್ಟ ಕಾಡಲ್ಲ’ ಎಂದು ಬರೆದುಕೊಟ್ಟ ಊರು ನಾಳೆ ಅದೇ ಬೆಟ್ಟದ ಸೊಪ್ಪು, ದರಕಿನ ಹಕ್ಕನ್ನು ಸಾಮುದಾಯಿಕ ಹಕ್ಕಾಗಿ ಕೇಳಲು ಹೋದರೆ ಅದೇ ಕಾಗದ ಎದುರಿಗೆ ಬರುತ್ತದೆ. ಈ ಪ್ರಕರಣದ ಅತ್ಯಂತ ದೂರದೃಷ್ಟಿಯ ನಿರ್ಧಾರ ಇದು ಎಂದೇ ನಾವು ಎಣಿಸುತ್ತೇವೆ.

ಹಾಗಾದರೆ ಅಗಲವನ್ನೇ ಇಳಿಸಬೇಕು. ದಿನಕ್ಕೆ ನೂರಕ್ಕಿಂತ ಕಡಿಮೆ ವಾಹನ ಓಡುವ ಗ್ರಾಮೀಣ ರಸ್ತೆಗೆ 3 ಮೀಟರ್ ಡಾಂಬರು ಅಥವಾ ಕಾಂಕ್ರೀಟು ಸಾಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಗ್ರಾಮೀಣ ರಸ್ತೆ ಕೈಪಿಡಿಯೇ ಹೇಳುತ್ತದೆ. 3 ಮೀಟರ್ ಕಾಂಕ್ರೀಟ್, ಎರಡೂ ಬದಿ ಅರ್ಧರ್ಧ ಮೀಟರ್ ಅಂಚು, ಗುಡ್ಡದ ಬದಿಗೆ 0.6 ಮೀಟರ್ ಚರಂಡಿ, ಒಟ್ಟು 4.6 ಮೀಟರ್. ಎದುರು ಬದುರು ವಾಹನ ಬಂದರೆ? ಈಗಾಗಲೇ ಬಯಲಿರುವ ಮೂರು ಕಡೆ 20 ಮೀಟರ್ ಉದ್ದ, 2.5 ಮೀಟರ್ ಅಗಲದ ತಂಗು ಜಾಗ. ಎಲ್ಲ ಸೇರಿ 8,890 ಚದರ ಮೀಟರ್, 0.889 ಹೆಕ್ಟೇರ್. 6 ಮೀಟರ್ ಲೆಕ್ಕದಲ್ಲಿ 71 ಮರ ಹೋಗುತ್ತಿದ್ದವು, ಇದರಲ್ಲಿ 26. ಗೂಟ ಗೂಟಕ್ಕೆ ಅಂಚನ್ನು ಆಚೀಚೆ ಸರಿಸಿದ ಮೇಲೆ 19.

ಪೈಪನ್ನು ಈ ಪಟ್ಟಿಯೊಳಗೇ ತರುವುದು ಮುಂದಿನ ಹೆಜ್ಜೆ. ರಸ್ತೆ ಬದಿಯಲ್ಲಿ ಮರ ಕಡಿಯದೆ, 2 ಮೀಟರ್ ಆಳ, 1 ಮೀಟರ್ ಅಗಲ ಮೀರದ ಅಗಳದಲ್ಲಿ ಕುಡಿಯುವ ನೀರಿನ ಪೈಪು ಹಾಕಲು ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಸಾಮಾನ್ಯ ಅನುಮತಿ ಇದೆಯಲ್ಲ ಎಂಬ ಮಾತು ಬಂತು. ಇದೆ, ಆದರೆ ಅದು ಈಗಾಗಲೇ ರಸ್ತೆಯ ಹಕ್ಕಿನ ಪಟ್ಟಿಯೊಳಗಿನ ಜಾಗಕ್ಕೆ, ಅದೂ ಅಭಯಾರಣ್ಯದ ಹೊರಗೆ. ಇಲ್ಲಿನ ಮಣ್ಣು ದಾರಿ ಗ್ರಾಮ ನಕ್ಷೆಯಲ್ಲಿ ಬರೀ ಕಾಲುದಾರಿ. ಹಾಗಾಗಿ ಪೈಪಿಗೂ ಕಲಂ 3(2)ರಲ್ಲೇ ಪ್ರತ್ಯೇಕ ನಮೂನೆ-ಎ ಹಾಕಬೇಕಾಯಿತು: 0.45 ಮೀಟರ್ ಅಗಳ, 855 ಚದರ ಮೀಟರ್, ಮರ ಇಲ್ಲ. ಈ ಸಲದ ಸೊನ್ನೆ ನಿಜವಾದದ್ದು. ರಸ್ತೆಗೆಂದು ತೆರವಾಗುವ ಜಾಗದಲ್ಲೇ ಯಂತ್ರ ನಿಲ್ಲುತ್ತದೆ.

ಗ್ರಾಮಸಭೆ

ಊರಿನ ವಯಸ್ಕರು 142. ಕೋರಂಗೆ 71 ಬೇಕು. ಮೊದಲ ಸಭೆಗೆ ಬಂದವರು 48. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ, ಬುಧವಾರ ಬೆಳಿಗ್ಗೆ 11ಕ್ಕೆ ಕರೆದರೆ ಇನ್ನೇನಾಗುತ್ತದೆ? ಅಂಗಳದಲ್ಲಿ ಅಡಿಕೆ ಬಿದ್ದಿರುವಾಗ ಸುಲಿಯುವ ಹೆಂಗಸರು ಎದ್ದು ಬರುವಂತಿಲ್ಲ. ಸಭೆಯನ್ನು ಮುಂದೂಡಿ, ಕೊಯ್ಲು ಮುಗಿದ ಮೇಲಿನ ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಶಾಲೆಯಲ್ಲಿ ಇಟ್ಟರು. 83 ಜನ ಬಂದರು, ಅವರಲ್ಲಿ 37 ಹೆಂಗಸರು.

ಎರಡು ಸಭೆಗಳ ನಡುವೆ ಮನೆ ಮನೆಗೆ ಚೀಟಿ ಕೊಟ್ಟಿದ್ದರು. ಚೀಟಿಯಲ್ಲಿ ನಾಲ್ಕೇ ಸಾಲು: ಗೂಟದ ನಂಬರ್, ಅಲ್ಲಿ ಏನಿದೆ, ಕೆಲಸ ನಡೆದರೆ ಏನಾಗುತ್ತದೆ, ಏನು ಬದಲಾಗಬೇಕು. ಬರೆಯಲು ಬಾರದವರಿಗೆ ಶಾಲೆಯ ಮಕ್ಕಳು ಬರೆದುಕೊಟ್ಟರು. ಗೂಟದ ನಂಬರಿದ್ದ ಚೀಟಿಗೆಲ್ಲ ಎಂಜಿನಿಯರ್ ಒಂದೋ ನಕ್ಷೆ ಬದಲಿಸಬೇಕಾಯಿತು, ಇಲ್ಲವೇ ಯಾಕೆ ಆಗುವುದಿಲ್ಲ ಎಂದು ಸಭೆಯಲ್ಲಿ ಹೇಳಬೇಕಾಯಿತು. ‘ಪರಿಸರ ನಾಶ ಮಾಡಬೇಡಿ’, ‘ಅಭಿವೃದ್ಧಿಗೆ ಅಡ್ಡಿ ಬೇಡ’ ಎಂದಷ್ಟೇ ಇದ್ದ ಚೀಟಿಗಳನ್ನು ಓದಿ ಬದಿಗಿಟ್ಟರು. ಅವುಗಳಿಗೆ ಉತ್ತರ ಹೇಳುವುದಾದರೂ ಹೇಗೆ?

ಮೇಲಿನ ಕೇರಿಯ ಅಜ್ಜಿಯೊಬ್ಬರ ಚೀಟಿ ಹೀಗಿತ್ತು: “ಗೂಟ 31. ಆರಿದ್ರೆ ಮಳೇಲಿ ಇಲ್ಲಿ ಮೊಣಕಾಲ್ ಮಟ ನೀರು ಅಡ್ಡ ಬರ್ತದೆ. ಬ್ಯಾಸಿಗೇಲಿ ನೋಡಿದ್ರೆ ಕಾಣದಿಲ್ಲ. ಮೋರಿ ಹಾಕ್ದೇ ಇದ್ರೆ ರಸ್ತೆನೇ ಹೊತ್ಕೊಂಡು ಹೋಗ್ತದೆ.” ರಸ್ತೆಯ ಸಮೀಕ್ಷೆ ನಡೆದದ್ದು ಮಾರ್ಚಿನಲ್ಲಿ. ಗೂಟ 31ರಲ್ಲಿ ಮೋರಿ ಇರಲಿಲ್ಲ. ಅಲ್ಲೊಂದು ಸೇರಿತು. ಜೊತೆಗೆ, ಬೇರೆ ಕಡೆ ತೋರಿಸಿದ್ದ 300 ಮಿ.ಮೀ. ಕೊಳವೆ ಮೋರಿಗಳು ಒಂದೇ ಮಳೆಗೆ ದರಕು, ಕೊಂಬೆ ಸಿಕ್ಕಿ ಕಟ್ಟಿಕೊಳ್ಳುತ್ತವೆಂದು ಎಲ್ಲವನ್ನೂ 900 ಮಿ.ಮೀ.ಗೆ ಏರಿಸಲಾಯಿತು. ಅಷ್ಟಿದ್ದರೆ ಆಳು ಒಳಗೆ ತೂರಿ ಕಸ ತೆಗೆಯಬಹುದು.

ನಿರ್ಣಯಗಳು ಎರಡು, ಒಂದೊಂದು ಕಾಮಗಾರಿಗೆ ಒಂದೊಂದು. ಹಕ್ಕುಪತ್ರದ ಬೇಡಿಕೆಗೆ ಮೂರನೆಯ, ಪ್ರತ್ಯೇಕ ನಿರ್ಣಯ. ಪ್ರತಿಯೊಂದರಲ್ಲೂ ಸರ್ವೆ ನಂಬರ್, ಉದ್ದ, ಅಗಲ, ಹೆಕ್ಟೇರ್, ಮರಗಳ ಪಟ್ಟಿ, ಹಾಜರಾದ ಗಂಡಸರು ಹೆಂಗಸರ ಸಂಖ್ಯೆ, ಒಟ್ಟು ವಯಸ್ಕರ ಸಂಖ್ಯೆ ಬರೆದರು. ಶಿಫಾರಸಿನ ಜೊತೆ ಷರತ್ತುಗಳನ್ನೂ ಸೇರಿಸಿದರು: ಪೈಪು ಮೊದಲು, ರಸ್ತೆ ಆಮೇಲೆ; ಗೂಟ 12ರಿಂದ 16ರ ನಡುವೆ ಮತ್ತು 27ರಲ್ಲಿ ಜೇಡಿ ತಡೆ; ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣು ಕೆಲಸ ಇಲ್ಲ; ತೆಗೆದ ಮಣ್ಣನ್ನು ಇಳಿಜಾರಿಗೆ ತಳ್ಳುವಂತಿಲ್ಲ. ಜಲಾನಯನ, ನೀರಿನ ಮೂಲಗಳನ್ನು ಕಾಪಾಡುವ ಅಧಿಕಾರವನ್ನು ಕಾಯ್ದೆಯ ಕಲಂ 5 ಗ್ರಾಮಸಭೆಗೆ ಕೊಟ್ಟಿದೆ. ಷರತ್ತುಗಳ ಮೇಲ್ಗಡೆ ಅದನ್ನೇ ಉಲ್ಲೇಖಿಸಿದ್ದರಿಂದ ಅವನ್ನು ಬರೀ ‘ಸಲಹೆ’ ಎಂದು ತಳ್ಳಿಹಾಕಲು ಬರಲಿಲ್ಲ. ಡಿಸಿಎಫ್ ಅನುಮತಿ ಪತ್ರದಲ್ಲಿ ಅವು ಹಾಗೆಯೇ ಬಂದವು.

ಏನಾಯಿತು

ಪೈಪಿನ ಕೆಲಸ ಸಲೀಸಾಗಿ ಮುಗಿಯಿತು. 63 ಮಿ.ಮೀ. ಪೈಪು ಸುರುಳಿಯಲ್ಲಿ ಬರುವುದರಿಂದ ಕೀಲುಗಳು ಕಡಿಮೆ. ಗುಡ್ಡದ ಬದಿಯ ಅಂಚಿನಲ್ಲಿ ಹಾಕಿದರು. ಕಣಿವೆ ಬದಿಗೆ ಹಾಕಿದರೆ ಮಣ್ಣು ಜಾರಿದಾಗ ಪೈಪೂ ಜೊತೆಗೇ ಹೋಗುತ್ತದೆ. ಮರದ ಬೇರು ಸಿಕ್ಕ ಕಡೆ ಕೈಯಲ್ಲಿ ಅಗೆದು, ಬೇರಿನ ಕೆಳಗೆ ಪೈಪು ತೂರಿಸಿದರು. ಮುಚ್ಚುವ ಮೊದಲು ನೀರು ತುಂಬಿಸಿ ಒತ್ತಡ ಪರೀಕ್ಷೆ ಆಯಿತು. ಕಾಂಕ್ರೀಟ್ ಬಿದ್ದ ಮೇಲೆ ಸೋರಿಕೆ ಗೊತ್ತಾದರೆ ಒಡೆಯಬೇಕಾದದ್ದು ಹೊಸ ರಸ್ತೆಯನ್ನೇ.

ಒರತೆಯ ಹರಿವನ್ನು ಏಪ್ರಿಲ್‌ನಲ್ಲಿ 20 ಲೀಟರ್ ಕೊಡ ತುಂಬುವ ಸಮಯ ನೋಡಿ ಬರೆದಿಡುವ ಪದ್ಧತಿ ಶುರುವಾಯಿತು. ಕೆಲಸಕ್ಕೆ ಮುಂಚಿನ ಏಪ್ರಿಲ್ಲಿಗೂ ನಂತರದ ಏಪ್ರಿಲ್ಲಿಗೂ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಒಂದು ವರ್ಷದ ಅಳತೆಯಿಂದ ನಿರ್ಧಾರಕ್ಕೆ ಬರಬಾರದು, ಮಳೆ ಹೆಚ್ಚುಕಮ್ಮಿ ಆದರೂ ಹರಿವು ಬದಲಾಗುತ್ತದೆ. ಕನಿಷ್ಠ ಮೂರು ಬೇಸಿಗೆಯ ಅಂಕಿ ಬೇಕು.

ರಸ್ತೆಯಲ್ಲಿ ಎಡವಟ್ಟಾಯಿತು. ಗೂಟ 22ರಿಂದ 24ರ ನಡುವೆ ಧರೆ (ರಸ್ತೆ ಬದಿಯ ಗುಡ್ಡದ ಮಗ್ಗುಲು) ಕಡಿದ ಮಣ್ಣನ್ನು ಸಾಗಿಸುವ ಬದಲು ಮೇ ಕೊನೆಯಲ್ಲಿ ಕಣಿವೆಗೆ ತಳ್ಳಿದರು. ಜೂನ್ ಎರಡನೇ ವಾರದ ಮಳೆಗೆ ಅದು ಹಳ್ಳಕ್ಕಿಳಿದು ಎರಡು ತೋಟಗಳ ಕಾದಿಗೆಯಲ್ಲಿ (ನೀರು ಬಸಿಯುವ ಕಾಲುವೆ) ಕೂತಿತು. ಕಾದಿಗೆ ಕಟ್ಟಿಕೊಂಡರೆ ಅಡಿಕೆ ಮರದ ಬುಡದಲ್ಲಿ ನೀರು ನಿಲ್ಲುತ್ತದೆ, ಕೊಳೆರೋಗ ಹತ್ತುವ ಕಾಲದಲ್ಲಿ ಬೇರಿಗೂ ಪೆಟ್ಟು. ಮಣ್ಣು ತಳ್ಳಬಾರದೆಂಬ ಷರತ್ತು ಅನುಮತಿ ಪತ್ರದಲ್ಲೇ ಇತ್ತು, ಗೂಟದ ನಂಬರ್ ಕಾಣುವ ಫೋಟೋಗಳೂ ಇದ್ದವು. ದೂರಿನ ಮೇಲೆ ಸೆಪ್ಟೆಂಬರಿನಲ್ಲಿ ಉಳಿದ ಮಣ್ಣು ತೆಗೆಸಿದರು. ತೋಟದವರ ಕಾದಿಗೆ ಬಿಡಿಸಿದ ಕೂಲಿ ಮಾತ್ರ ಈ ತನಕ ಯಾರೂ ಕೊಟ್ಟಿಲ್ಲ.

ಗೂಟ 1ರ ಬಳಿ ರಾತ್ರಿ ಸರಪಳಿ ಹಾಕಬೇಕೆಂಬ ಕಾನು ಬದಿಯವರ ಬೇಡಿಕೆ ಬಿದ್ದುಹೋಯಿತು. ಆಂಬುಲೆನ್ಸಿಗೆ ಅಡ್ಡಿ ಎಂಬ ಕಾರಣಕ್ಕೆ ಸಭೆಯೇ ಬಹುಮತದಿಂದ ಬೇಡವೆಂದಿತು. ರಸ್ತೆ ಆದ ಮೇಲೆ ಹೊರಗಿನ ಪಿಕಪ್ ಗಾಡಿಗಳು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿವೆ, ಉಪ್ಪಾಗೆ ಕಾಲದಲ್ಲಿ ಕೊಂಬೆ ಸಮೇತ ಕಡಿದು ಒಯ್ದದ್ದೂ ಕಂಡಿದೆ. ಅವರ ಆತಂಕ ಸುಳ್ಳಾಗಿರಲಿಲ್ಲ. ಬೀಗದ ಕೈಯನ್ನು ಹತ್ತಿರದ ಮೂರು ಮನೆಯಲ್ಲಿಟ್ಟು, ಫೋನ್ ನಂಬರನ್ನು ಫಲಕದಲ್ಲಿ ಬರೆಯುವ ಮಧ್ಯದ ದಾರಿ ಆ ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈಗ ಅದನ್ನು ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಸೇರಿಸಿದ್ದಾರೆ.

ಬೇರೆ ಊರಿನವರು ಇದನ್ನು ಬಳಸುವುದಾದರೆ

ಕಾಮಗಾರಿ ಮಂಜೂರಾದ ಸುದ್ದಿ ಬಂದ ವಾರವೇ ಅಂದಾಜು ಪಟ್ಟಿ ಮತ್ತು ಮಾರ್ಗ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರಕ್ಕೆ 30 ದಿನ ಹಿಡಿಯಬಹುದು, ಅಷ್ಟರಲ್ಲಿ ಟೆಂಡರ್ ಆಗಿಬಿಟ್ಟಿರುತ್ತದೆ. ನಕ್ಷೆ ಕೈಗೆ ಬಂದೊಡನೆ ವಿಸ್ತೀರ್ಣದ ಲೆಕ್ಕ ನೋಡಿ: ಅಗಳದ ಅಗಲವೋ, ಯಂತ್ರದ ದಾರಿಯ ಅಗಲವೋ? ಮರದ ಕಾಲಂನಲ್ಲಿ ಸೊನ್ನೆ ಇದ್ದರೆ ಗೂಟ ನೆಡದೆ ಅದನ್ನು ಒಪ್ಪಬೇಡಿ. ಒಂದು ಸಲ ಬೇಸಿಗೆಯಲ್ಲಿ, ಒಂದು ಸಲ ಮಳೆಯಲ್ಲಿ ಸಾಲಿನ ಮೇಲೆ ನಡೆಯಿರಿ.

ಷರತ್ತು ಬರೆದರೆ ಸಾಲದು, ಅದನ್ನು ಹಣಕ್ಕೆ ಕಟ್ಟಬೇಕು. ಈ ಊರಿನ ನಿರ್ಣಯದಲ್ಲಿ ಇಲ್ಲದ, ಇರಬೇಕಾಗಿದ್ದ ಸಾಲು ಇದು: ‘ಪ್ರತಿ ಭಾಗಶಃ ಬಿಲ್ ಪಾವತಿಗೆ ಮುನ್ನ ಅರಣ್ಯ ಹಕ್ಕು ಸಮಿತಿಯ ಇಬ್ಬರು ಸದಸ್ಯರು ಮತ್ತು ಉಪ ವಲಯ ಅರಣ್ಯಾಧಿಕಾರಿ ಗೂಟವಾರು ಸ್ಥಳ ತಪಾಸಣೆ ಮಾಡಿ ಸಹಿ ಹಾಕಿದ ವರದಿಯನ್ನು ಬಿಲ್ಲಿನೊಂದಿಗೆ ಲಗತ್ತಿಸತಕ್ಕದ್ದು.’ ಇದೇ ಸಾಲು ಗುತ್ತಿಗೆಯ ಕರಾರಿನಲ್ಲೂ ಬರುವಂತೆ ಕಾಮಗಾರಿ ಮಾಡುವ ಇಲಾಖೆಯಿಂದ ಟೆಂಡರಿಗೆ ಮೊದಲೇ ಲಿಖಿತ ಒಪ್ಪಿಗೆ ಪಡೆಯಬೇಕು. ಆ ಎರಡು ತೋಟದವರು ಈಗ ಓಡಾಡುತ್ತಿರುವುದು ಉಳಿದ ಬಿಲ್ಲನ್ನಾದರೂ ತಡೆಹಿಡಿಸಲು.